ಪಿಯಾನೋದ ಮನೆಯಿಂದ ಹೊರಟ ಸಿಂಥಸೈಜರ್ ಶಿಲ್ಪಿ ರಾಬರ್ಟ್ ಮೋಗ್

ಸಂಗೀತ ವಾದ್ಯಗಳ ಮಳಿಗೆಗೆ ಕೀಬೋರ್ಡ್ ಕೊಳ್ಳಲು ಬರುವವರಲ್ಲಿ ಬಹುಮಂದಿಯ ಬೇಡಿಕೆ ಒಂದೇ. ವಾದ್ಯ ಚಿಕ್ಕದಾಗಿರಬೇಕು, ಹೆಗಲಿಗೇರಿಸಿಕೊಂಡು ಹೋಗುವಷ್ಟು ಹಗುರವಾಗಿರಬೇಕು. ಸಿಂಥಸೈಜರ್‌ನ ಬಗೆಬಗೆಯ ನಾದಗಳು ಅದರಲ್ಲಿರಬೇಕು. ಅದರ ಜೊತೆಗೆ ಪಿಯಾನೋ ನುಡಿಸುವುದಕ್ಕೂ ಒದಗಬೇಕು. ಕೇಳಲು ಸರಳವಾದ ಈ ಬೇಡಿಕೆಯನ್ನು ಈಡೇರಿಸುವುದು ಮಾತ್ರ ಸುಲಭವಲ್ಲ. ಪಿಯಾನೋದ ಸೊಗಸು ಇರುವುದೇ ಅದರ ಗಾತ್ರದಲ್ಲಿ ಮತ್ತು ಭಾರದಲ್ಲಿ. ಸಿಂಥಸೈಜರ್‌ನ ಹೆಚ್ಚುಗಾರಿಕೆ ಇರುವುದು ಅವೆರಡನ್ನೂ ಕಳಚಿಟ್ಟಿರುವುದರಲ್ಲಿ. ಇವೆರಡರ ನಡುವಿನ ಜಗ್ಗಾಟವನ್ನು ಬದುಕಿನುದ್ದಕ್ಕೂ ಕಂಡವರು ಅಮೆರಿಕದ ಎಂಜಿನಿಯರ್ ರಾಬರ್ಟ್ ಆರ್ಥರ್ ಮೋಗ್. ಗೋಡೆಯಷ್ಟಗಲದ ಸಿಂಥಸೈಜರ್ ಅನ್ನು ಮೊದಲು ರೂಪಿಸಿದವರೂ ಅವರೇ. ಒಬ್ಬನೇ ಎತ್ತಿಕೊಂಡು ಹೋಗಬಹುದಾದ ಪುಟ್ಟ ಸಿಂಥಸೈಜರ್ ಜಗತ್ತಿಗೆ ಬಂದದ್ದೂ ಅವರ ಕಾರ್ಖಾನೆಯಿಂದಲೇ. ಆ ಪುಟ್ಟ ವಾದ್ಯಕ್ಕೆ ಪಿಯಾನೋದ ಮುಖವಿತ್ತು, ಪಿಯಾನೋದ ಕೈಗುಣ ಇರಲಿಲ್ಲ. ಆ ಕೊರತೆಯನ್ನು ತುಂಬಿಕೊಡುವ ಯತ್ನ ಅವರ ಉಳಿದ ಆಯುಷ್ಯದ ಬಹುಭಾಗವನ್ನು ತೆಗೆದುಕೊಂಡಿತು.

ಮೊದಲು ಹೆಸರಿನ ಮಾತು. ಇಂಗ್ಲಿಷಿನ ಕಾಗುಣಿತ ನೋಡಿ ಅನೇಕರು ಇವರನ್ನು ಮೂಗ್ ಎಂದೇ ಕರೆಯುತ್ತಾರೆ. ಕನ್ನಡಿಗರ ಕಿವಿಗೆ ಅದು ಮೂಗನ್ನೋ ಮೂಗನನ್ನೋ ನೆನಪಿಸುವುದು ಸಹಜ. ಆದರೆ ಕುಟುಂಬದವರು ಉಚ್ಚರಿಸುತ್ತಿದ್ದುದು ಮೋಗ್ ಎಂದು. ಜಗತ್ತು ತಪ್ಪಾಗಿ ಕರೆದ ಈ ಹೆಸರನ್ನೇ ಮುಂದೆ ಅವರು ಕಳೆದುಕೊಂಡು, ಕಾನೂನಿನ ಹಾದಿ ಹಿಡಿದು ಮರಳಿ ಪಡೆಯಬೇಕಾಯಿತು.

ತಾಯಿಯ ಪಿಯಾನೋ, ತಂದೆಯ ಕಾರ್ಯಾಗಾರ

ಮೋಗ್ ಜನಿಸಿದ್ದು 1934ರ ಮೇ 23ರಂದು, ನ್ಯೂಯಾರ್ಕ್ ನಗರದಲ್ಲಿ. ಬೆಳೆದದ್ದು ಅಲ್ಲಿನ ಕ್ವೀನ್ಸ್ ಪ್ರದೇಶದ ಫ್ಲಷಿಂಗ್‌ನಲ್ಲಿ. ತಂದೆ ಜಾರ್ಜ್ ನಗರದ ವಿದ್ಯುತ್ ಸರಬರಾಜು ಕಂಪನಿಯಾದ ಕನ್ಸಾಲಿಡೇಟೆಡ್ ಎಡಿಸನ್‌ನಲ್ಲಿ ಎಂಜಿನಿಯರ್. ತಾಯಿ ಶರ್ಲಿಯವರಿಗೆ ಮಗ ಕಛೇರಿ ಕೊಡುವ ಪಿಯಾನೋ ವಾದಕನಾಗಬೇಕೆಂಬ ಹಂಬಲ. ಹೀಗಾಗಿ ಎಳವೆಯಲ್ಲೇ ಪಾಠ ಆರಂಭವಾಯಿತು; ದಿನವೂ ಗಂಟೆಗಟ್ಟಲೆ ಸಾಧನೆ ಕಡ್ಡಾಯವಾಯಿತು. ನಮ್ಮಲ್ಲಿ ಸಂಜೆಯಾದೊಡನೆ ಮಕ್ಕಳನ್ನು ಸಂಗೀತದ ಪಾಠಕ್ಕೆ ಕೂರಿಸುವ ತಾಯಂದಿರಿಗೆ ಈ ಚಿತ್ರ ಅಪರಿಚಿತವೇನಲ್ಲ. ಬಾಲಕ ರಾಬರ್ಟ್‌ನ ಮನಸ್ಸು ಮಾತ್ರ ಮನೆಯಲ್ಲೇ ಇದ್ದ ತಂದೆಯ ಕಾರ್ಯಾಗಾರದಲ್ಲಿತ್ತು. ಬೆಸುಗೆ ಕೋಲು, ರೇಡಿಯೋ ವಾಲ್ವ್, ತಂತಿಗಳ ನಡುವೆ ತಂದೆಯೊಡನೆ ಕಳೆದ ಹೊತ್ತೇ ಅವನಿಗೆ ಹಿತವೆನಿಸುತ್ತಿತ್ತು.

ಹದಿಹರೆಯದ ಹೊತ್ತಿಗೆ ಪಿಯಾನೋ ಹಿಂದೆ ಸರಿಯಿತು. 1949ರಲ್ಲಿ, ಹದಿನೈದರ ಆಸುಪಾಸಿನಲ್ಲಿ, ಪತ್ರಿಕೆಯೊಂದರಲ್ಲಿ ಬಂದ ನಕ್ಷೆಯನ್ನು ಅನುಸರಿಸಿ ರಾಬರ್ಟ್ ಒಂದು ಥೆರೆಮಿನ್ ಕಟ್ಟಿದ. ರಷ್ಯದ ವಿಜ್ಞಾನಿ ಲಿಯಾನ್ ಥೆರೆಮಿನ್ ಕಂಡುಹಿಡಿದ ಈ ವಾದ್ಯವನ್ನು ಮುಟ್ಟದೆಯೇ ನುಡಿಸಬೇಕು. ಎರಡು ಲೋಹದ ಕಡ್ಡಿಗಳ ಬಳಿ ಕೈಯಾಡಿಸಿದಂತೆ ಒಂದರಿಂದ ಶ್ರುತಿ, ಇನ್ನೊಂದರಿಂದ ಧ್ವನಿಯ ಏರಿಳಿತ ಬದಲಾಗುತ್ತದೆ. ಕೀಗಳಿಲ್ಲ, ಸ್ವರಗಳ ನಡುವೆ ಗೋಡೆಗಳಿಲ್ಲ. ಕೈಯ ಅತಿಸಣ್ಣ ಚಲನೆಯೂ ನಾದದಲ್ಲಿ ಕೇಳಿಸುತ್ತದೆ. ಪಿಯಾನೋದ ಸ್ಥಿರ ಸ್ವರಗಳಲ್ಲಿ ಪಳಗಿದ ಹುಡುಗನಿಗೆ ಇದು ಹೊಸ ಲೋಕವೇ ಆಗಿದ್ದಿರಬೇಕು. ಕೊನೆಯವರೆಗೂ ಅವರು ಥೆರೆಮಿನ್ ಕಟ್ಟುವುದನ್ನು ಬಿಡಲಿಲ್ಲ.

ಬ್ರಾಂಕ್ಸ್ ವಿಜ್ಞಾನ ಪ್ರೌಢಶಾಲೆಯಿಂದ 1952ರಲ್ಲಿ ಹೊರಬಂದ ಮೋಗ್, ಕ್ವೀನ್ಸ್ ಕಾಲೇಜಿನಲ್ಲಿ ಭೌತಶಾಸ್ತ್ರವನ್ನೂ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗ್ ಅನ್ನೂ ಓದಿದರು. ಓದುತ್ತಿರುವಾಗಲೇ ತಂದೆಯೊಡಗೂಡಿ ಥೆರೆಮಿನ್ ತಯಾರಿಸಿ ಮಾರುವ ಸಣ್ಣ ಉದ್ದಿಮೆ ತೆರೆದರು. 1958ರಲ್ಲಿ ಶರ್ಲೀ ಲೀ ಅವರೊಡನೆ ವಿವಾಹವಾಯಿತು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಎಂಜಿನಿಯರಿಂಗ್ ಭೌತಶಾಸ್ತ್ರದ ಪಿಎಚ್.ಡಿ. ಕೈಗೆ ಬಂದದ್ದು 1965ರಲ್ಲಿ. ಅಷ್ಟು ತಡವಾದುದಕ್ಕೆ ಥೆರೆಮಿನ್ ವ್ಯಾಪಾರವೂ ಕಾರಣವೆನ್ನಬೇಕು. 1961ರಲ್ಲಿ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಮನೆಯಲ್ಲೇ ಜೋಡಿಸಿಕೊಳ್ಳಬಹುದಾದ ಥೆರೆಮಿನ್ ಬಿಡಿಭಾಗಗಳ ಪೆಟ್ಟಿಗೆಯನ್ನು ಸುಮಾರು 50 ಡಾಲರ್‌ಗೆ ಮಾರಾಟಕ್ಕಿಟ್ಟಾಗ ಸುಮಾರು 1,000 ಪೆಟ್ಟಿಗೆಗಳು ಹೋದವು. ವಿದ್ಯಾರ್ಥಿಯೊಬ್ಬನಿಗೆ ಇದು ಅಲ್ಪ ಸಂಪಾದನೆಯಲ್ಲ. ಎರಡು ವರ್ಷಗಳ ನಂತರ ನ್ಯೂಯಾರ್ಕ್ ರಾಜ್ಯದ ಟ್ರುಮನ್ಸ್‌ಬರ್ಗ್ ಎಂಬ ಸಣ್ಣ ಊರಿನಲ್ಲಿ ಕಾರ್ಖಾನೆ ತೆರೆಯಲು ಧೈರ್ಯ ಬಂದದ್ದೂ ಈ ವ್ಯಾಪಾರದಿಂದಲೇ.

ಒಂದು ವೋಲ್ಟ್, ಒಂದು ಸ್ಥಾಯಿ

1963ರ ಕೊನೆಯಲ್ಲಿ ರೋಚೆಸ್ಟರ್ ನಗರದಲ್ಲಿ ಸಂಗೀತ ಶಿಕ್ಷಕರ ಸಮ್ಮೇಳನ ನಡೆಯಿತು. ಥೆರೆಮಿನ್ ಪ್ರದರ್ಶಿಸುತ್ತಿದ್ದ ಮೋಗ್ ಅವರಿಗೆ ಅಲ್ಲಿ ಹಾಫ್‌ಸ್ಟ್ರಾ ವಿಶ್ವವಿದ್ಯಾಲಯದ ಸಂಗೀತ ಅಧ್ಯಾಪಕ, ಸ್ವರ ಸಂಯೋಜಕ ಹರ್ಬರ್ಟ್ ಡಾಯ್ಚ್ ಪರಿಚಯವಾದರು. ಆ ಕಾಲದಲ್ಲಿ ವಿದ್ಯುನ್ಮಾನ ಸಂಗೀತವೆಂದರೆ ಟೇಪನ್ನು ತುಂಡರಿಸಿ ಅಂಟಿಸುವ ಶ್ರಮ. ಕೊಲಂಬಿಯಾ-ಪ್ರಿನ್ಸ್‌ಟನ್ ಕೇಂದ್ರದಲ್ಲಿ ಆರ್‌ಸಿಎ ಕಂಪನಿಯ ಸಿಂಥಸೈಜರ್ ಒಂದಿತ್ತು ನಿಜ. ಆದರೆ ಅದು ಕೋಣೆಯನ್ನೇ ತುಂಬುವ ಯಂತ್ರ. ಕಾಗದದ ಸುರುಳಿಯಲ್ಲಿ ತೂತು ಕೊರೆದು ಅದಕ್ಕೆ ಆದೇಶ ಕೊಡಬೇಕಿತ್ತು. ಬೆರಳಿಟ್ಟು ನುಡಿಸುವ ಮಾತೇ ಇರಲಿಲ್ಲ.

1964ರ ಬೇಸಿಗೆಯಲ್ಲಿ ಡಾಯ್ಚ್ ಟ್ರುಮನ್ಸ್‌ಬರ್ಗ್‌ಗೆ ಬಂದು ಕೆಲವು ವಾರ ಮೋಗ್ ಜೊತೆ ಕೆಲಸ ಮಾಡಿದರು. ಅಲ್ಲಿ ಹುಟ್ಟಿದ ಕಲ್ಪನೆ ಸರಳವಾದುದು, ಆದರೆ ಅದರ ಫಲ ದೊಡ್ಡದು. ನಾದದ ಪ್ರತಿಯೊಂದು ಗುಣವನ್ನೂ ವಿದ್ಯುತ್ ವೋಲ್ಟೇಜ್‌ನಿಂದ ನಿಯಂತ್ರಿಸಬಹುದು ಎಂಬುದೇ ಆ ಕಲ್ಪನೆ. ಆಸಿಲೇಟರ್ ಎಂಬ ಮಂಡಲಕ್ಕೆ ಕೊಡುವ ವೋಲ್ಟೇಜ್ ಒಂದು ವೋಲ್ಟ್ ಹೆಚ್ಚಿದರೆ ಅದರ ಕಂಪನಾಂಕ ಇಮ್ಮಡಿಯಾಗುತ್ತದೆ. ಎಂದರೆ ಶ್ರುತಿ ಒಂದು ಸ್ಥಾಯಿ ಮೇಲೇರುತ್ತದೆ. ಮಧ್ಯಸ್ಥಾಯಿಯ ಷಡ್ಜದಿಂದ ತಾರಸ್ಥಾಯಿಯ ಷಡ್ಜಕ್ಕೆ ಸರಿಯಾಗಿ ಒಂದು ವೋಲ್ಟ್ ದೂರ. ನಡುವಿನ ಹನ್ನೆರಡು ಸ್ವರಸ್ಥಾನಗಳಿಗೆ ಹನ್ನೆರಡರಲ್ಲಿ ಒಂದೊಂದು ಪಾಲು. ಆಗತಾನೇ ಅಗ್ಗವಾಗತೊಡಗಿದ್ದ ಸಿಲಿಕಾನ್ ಟ್ರಾನ್ಸಿಸ್ಟರ್‌ಗಳು ಈ ಲೆಕ್ಕವನ್ನು ಕೈಗೆಟಕುವ ಬೆಲೆಯಲ್ಲಿ ಸಾಧ್ಯವಾಗಿಸಿದವು.

ಇನ್ನೊಂದು ತೊಡಕು ಉಳಿಯಿತು. ಆಸಿಲೇಟರ್ ನಿಲ್ಲದೆ ಒಂದೇ ಸಮನೆ ಕೂಗುತ್ತದೆ. ಪಿಯಾನೋ ಸ್ವರವಾದರೋ ಥಟ್ಟನೆ ಹುಟ್ಟಿ ಮೆಲ್ಲನೆ ಕರಗುತ್ತದೆ. ಕೊಳಲಿನದು ಮೃದುವಾಗಿ ಎದ್ದು ಉಸಿರಿರುವಷ್ಟು ನಿಲ್ಲುತ್ತದೆ. ಸ್ವರಕ್ಕೆ ಈ ಹುಟ್ಟು ಸಾವುಗಳನ್ನು ಕೊಡುವುದು ಹೇಗೆ? ಎದುರಿನ ಅಂಗಡಿಯಿಂದ ಬಾಗಿಲ ಕರೆಗಂಟೆಯ ಗುಂಡಿಯೊಂದನ್ನು ಕೊಂಡು ತರುವಂತೆ ಮೋಗ್ ತಮ್ಮ ಗೆಳೆಯನಿಗೆ ಹೇಳಿದರು. ಗುಂಡಿ ಒತ್ತಿದಾಗ ಸ್ವರ ಏಳುವಂತೆ, ಬಿಟ್ಟಾಗ ಇಳಿಯುವಂತೆ ಮಂಡಲವನ್ನು ರಚಿಸಲಾಯಿತು. ಇಂದಿನ ಪ್ರತಿಯೊಂದು ಸಿಂಥಸೈಜರ್‌ನಲ್ಲಿಯೂ ಎನ್ವಲಪ್ ಎಂಬ ಹೆಸರಿನಲ್ಲಿ ಇರುವುದು ಇದೇ ಕರೆಗಂಟೆಯ ವಂಶದ್ದು. ನಂತರ ರೂಪಿಸಿದ, ನಾದದ ಮೇಲಿನ ಕಂಪನಗಳನ್ನು ಸೋಸುವ ಫಿಲ್ಟರ್‌ಗೆ 1969ರಲ್ಲಿ ಪೇಟೆಂಟ್ ದೊರೆಯಿತು. ಮೋಗ್ ನಾದವೆಂದು ಸಂಗೀತಗಾರರು ಗುರುತಿಸುವ ಆ ತುಂಬು ಕಂಠದ ಗುಟ್ಟು ಬಹುಪಾಲು ಅದರಲ್ಲಿದೆ.

ಕೀಲಿಮಣೆ ಬೇಕೇ ಬೇಡವೇ ಎಂಬ ಚರ್ಚೆಯೂ ಆಗಲೇ ನಡೆಯಿತು. ಪಿಯಾನೋದ ಕಪ್ಪು ಬಿಳಿ ಕೀಗಳನ್ನು ಹೊಸ ವಾದ್ಯಕ್ಕೆ ಅಂಟಿಸಿದರೆ ಜನ ಹಳೆಯ ಸಂಗೀತವನ್ನೇ ನುಡಿಸುತ್ತಾರೆ ಎಂಬುದು ಕೊಲಂಬಿಯಾದ ಹಿರಿಯ ಸಂಯೋಜಕ ವ್ಲಾದಿಮಿರ್ ಉಸಾಚೆವ್ಸ್ಕಿ ಅವರ ಎಚ್ಚರಿಕೆ. ಅದೇ ಕಾಲಕ್ಕೆ ಕ್ಯಾಲಿಫೋರ್ನಿಯಾದಲ್ಲಿ ಸ್ವತಂತ್ರವಾಗಿ ಸಿಂಥಸೈಜರ್ ರೂಪಿಸುತ್ತಿದ್ದ ಡಾನ್ ಬುಕ್ಲಾ ಅವರಂತೂ ಪಿಯಾನೋ ಮಾದರಿಯ ಕೀಲಿಮಣೆಯನ್ನು ದೂರವಿಟ್ಟು, ಬೆರಳಿನ ಸ್ಪರ್ಶಕ್ಕೆ ಸ್ಪಂದಿಸುವ ಫಲಕಗಳನ್ನು ಬಳಸಿದರು. ಮೋಗ್ ಕೀಲಿಮಣೆಯನ್ನು ಉಳಿಸಿಕೊಂಡರು. ಬಾಲ್ಯದ ಪಿಯಾನೋ ಪಾಠಗಳೇ ಈ ನಿರ್ಧಾರ ಮಾಡಿಸಿದವು ಎನ್ನಲಾಗದಿದ್ದರೂ ಅವು ಅಡ್ಡಿಯಂತೂ ಆಗಲಿಲ್ಲ. ವ್ಯಾಪಾರದ ದೃಷ್ಟಿಯಿಂದ ನೋಡಿದರೆ ಈ ನಿರ್ಧಾರವೇ ಅವರನ್ನು ಗೆಲ್ಲಿಸಿತು. ಬುಕ್ಲಾ ಹೆಸರು ಬಲ್ಲವರ ನಡುವೆ ಉಳಿಯಿತು. ಮೋಗ್ ಹೆಸರು ಮನೆಮಾತಾಯಿತು.

ಅದನ್ನು ಮನೆಮಾತಾಗಿಸಿದ್ದು 1968ರಲ್ಲಿ ಬಂದ ಒಂದು ಧ್ವನಿಮುದ್ರಿಕೆ. ವೆಂಡಿ ಕಾರ್ಲೋಸ್ ಅವರು ಜರ್ಮನಿಯ ಮಹಾನ್ ಸಂಯೋಜಕ ಬಾಖ್ ಕೃತಿಗಳನ್ನು ಮೋಗ್ ಸಿಂಥಸೈಜರ್‌ನಲ್ಲಿ ನುಡಿಸಿ ತಂದ 'ಸ್ವಿಚ್ಡ್-ಆನ್ ಬಾಖ್' ಅಪಾರ ಜನಪ್ರಿಯತೆ ಗಳಿಸಿ ಮೂರು ಗ್ರ್ಯಾಮಿ ಪ್ರಶಸ್ತಿಗಳಿಗೆ ಪಾತ್ರವಾಯಿತು. ಕೇಳಿದವರಿಗೆ ಯಾರೋ ಕೂತು ಸಲೀಸಾಗಿ ನುಡಿಸಿದಂತೆ ತೋರುವ ಆ ಸಂಗೀತದ ಹಿಂದಿನ ಶ್ರಮ ಬೇರೆಯೇ ಬಗೆಯದು. ವಾದ್ಯ ಒಂದು ಹೊತ್ತಿಗೆ ಒಂದೇ ಸ್ವರ ನುಡಿಯುತ್ತಿತ್ತು. ಆದುದರಿಂದ ಪ್ರತಿಯೊಂದು ಧಾರೆಯನ್ನೂ ಪ್ರತ್ಯೇಕವಾಗಿ ನುಡಿಸಿ ಎಂಟು ಪಥಗಳ ಟೇಪಿನಲ್ಲಿ ಒಂದರ ಮೇಲೊಂದು ಜೋಡಿಸಬೇಕಾಗಿತ್ತು. ಬೆರಳಿನ ಒತ್ತಡಕ್ಕೆ ತಕ್ಕಂತೆ ಸ್ವರ ಏರಿಳಿಯಬೇಕೆಂದು ಹಟ ಹಿಡಿದ ಮೊದಲಿಗರಲ್ಲಿ ಕಾರ್ಲೋಸ್ ಒಬ್ಬರು. ಅವರಿಗಾಗಿ ಮೋಗ್ ಸ್ಪರ್ಶಕ್ಕೆ ಸ್ಪಂದಿಸುವ ವಿಶೇಷ ಕೀಲಿಮಣೆಯನ್ನೇ ಮಾಡಿಕೊಟ್ಟರು. ಸಿಂಥಸೈಜರ್‌ಗೆ ಪಿಯಾನೋದ ಕೈಗುಣ ತರುವ ಯತ್ನ ಹೀಗೆ ಆರಂಭದಲ್ಲೇ ಶುರುವಾಗಿತ್ತು.

ಭಾರತಕ್ಕೂ ಈ ವಾದ್ಯ ಬೇಗನೆ ಬಂತೆಂಬುದು ಬಹುಮಂದಿಗೆ ತಿಳಿಯದ ಸಂಗತಿ. 1969ರಲ್ಲಿ ಅಹಮದಾಬಾದ್‌ನ ರಾಷ್ಟ್ರೀಯ ವಿನ್ಯಾಸ ಸಂಸ್ಥೆಯಲ್ಲಿ ಮೋಗ್ ಸಿಂಥಸೈಜರ್ ಸ್ಥಾಪಿಸಿ ಸ್ಟುಡಿಯೋ ಕಟ್ಟಿಕೊಟ್ಟವರು ಅಮೆರಿಕದ ಡೇವಿಡ್ ಟ್ಯೂಡರ್. ಇವರು ಕೂಡ ಮೂಲತಃ ಹೆಸರಾಂತ ಪಿಯಾನೋ ವಾದಕರು. ಸಾರಾಭಾಯಿ ಕುಟುಂಬದ ಗೀತಾ ಸಾರಾಭಾಯಿ ಸೇರಿದಂತೆ ಕೆಲವು ಭಾರತೀಯ ಸಂಯೋಜಕರು ಅಲ್ಲಿ ಪ್ರಯೋಗ ನಡೆಸಿದರು. ಆ ಟೇಪುಗಳು ಸಂಸ್ಥೆಯ ಸಂಗ್ರಹದಲ್ಲಿ ದಶಕಗಳ ಕಾಲ ಮರೆಯಾಗಿದ್ದು, 2017ರಲ್ಲಿ ಮತ್ತೆ ಬೆಳಕಿಗೆ ಬಂದವು.

ಪುಟ್ಟ ವಾದ್ಯ, ಒಂದೇ ಕಂಠ

ಕೀರ್ತಿ ಬಂತು, ಹಣ ಬರಲಿಲ್ಲ. ದೊಡ್ಡ ಸಿಂಥಸೈಜರ್ ಹತ್ತಾರು ಬಿಡಿ ಪೆಟ್ಟಿಗೆಗಳ ಜೋಡಣೆ. ಒಂದು ನಾದ ಪಡೆಯಲು ಆ ಪೆಟ್ಟಿಗೆಗಳ ನಡುವೆ ತಂತಿಗಳನ್ನು ಚುಚ್ಚಿ ಸಂಪರ್ಕ ಕಲ್ಪಿಸಬೇಕು. ಇನ್ನೊಂದು ನಾದಕ್ಕೆ ಎಲ್ಲವನ್ನೂ ಕಿತ್ತು ಮತ್ತೆ ಚುಚ್ಚಬೇಕು. ಸ್ಟುಡಿಯೋಗಳೂ ವಿಶ್ವವಿದ್ಯಾಲಯಗಳೂ ಸಿರಿವಂತ ರಾಕ್ ತಂಡಗಳೂ ಕೊಂಡುಬಿಟ್ಟ ಮೇಲೆ ಇನ್ನಾರು ಕೊಳ್ಳಬೇಕು? 1969ರ ಹೊತ್ತಿಗೆ ಬೇಡಿಕೆ ಕುಸಿಯತೊಡಗಿತು. ಕಾರ್ಖಾನೆಯ ಎಂಜಿನಿಯರ್ ಬಿಲ್ ಹೆಮ್‌ಸಾತ್ ಊಟದ ವಿರಾಮದಲ್ಲಿ, ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಬಿಡಿಭಾಗಗಳನ್ನು ಸೇರಿಸಿ ಒಂದು ಚಿಕ್ಕ ವಾದ್ಯ ಜೋಡಿಸಿದರು. ತಂತಿ ಚುಚ್ಚುವ ಗೋಜಿಲ್ಲ. ಎಲ್ಲವೂ ಒಳಗೇ ಬೆಸೆದಿತ್ತು. ಅನೇಕ ಮಾರ್ಪಾಡುಗಳ ನಂತರ 1970ರಲ್ಲಿ ಅದು ಮಿನಿಮೋಗ್ ಎಂಬ ಹೆಸರಿನಲ್ಲಿ ಹೊರಬಂತು. ಅಂತಿಮ ಮಾದರಿಯನ್ನು ಎಂಜಿನಿಯರುಗಳು ಸಿದ್ಧಪಡಿಸಿದಾಗ ಮೋಗ್ ಊರಲ್ಲಿರಲಿಲ್ಲವೆಂದೂ ಮರಳಿ ಬಂದು ಮೊದಲಿಗೆ ಸಿಡಿಮಿಡಿಗೊಂಡರೆಂದೂ ಜೊತೆಗಿದ್ದವರು ಹೇಳುತ್ತಾರೆ. ಅವರ ಹೆಸರನ್ನು ಅಜರಾಮರಗೊಳಿಸಿದ ವಾದ್ಯ ಅವರ ಬೆನ್ನ ಹಿಂದೆ ರೂಪುಗೊಂಡಿತು ಎಂಬುದು ವಿಚಿತ್ರವಾದರೂ ನಿಜ.

44 ಕೀಗಳು, ಮೂರು ಆಸಿಲೇಟರ್‌ಗಳು, ಒರಗಿಸಿ ನಿಲ್ಲಿಸಬಹುದಾದ ಫಲಕ. ಎಡಬದಿಯಲ್ಲಿ ಎರಡು ಪುಟ್ಟ ಚಕ್ರಗಳು. ಒಂದು ಚಕ್ರವನ್ನು ಬೆರಳಿನಿಂದ ತಳ್ಳಿದರೆ ಸ್ವರ ಮೇಲಕ್ಕೋ ಕೆಳಕ್ಕೋ ಜಾರುತ್ತದೆ. ಭಾರತೀಯ ಓದುಗರಿಗೆ ಇದರ ಬೆಲೆ ಬೇಗ ಅರಿವಾಗಬೇಕು. ಹಾರ್ಮೋನಿಯಂನ ಸ್ಥಿರ ಸ್ವರಗಳು ಗಮಕಕ್ಕೆ ಒಗ್ಗುವುದಿಲ್ಲವೆಂದು ಆಕಾಶವಾಣಿ 1940ರಲ್ಲಿ ಆ ವಾದ್ಯವನ್ನು ನಿಷೇಧಿಸಿತ್ತು. 1971ರವರೆಗೂ ಆ ನಿರ್ಬಂಧ ಸಡಿಲಲಿಲ್ಲ. ಅದೇ ಹೊತ್ತಿಗೆ ಅಮೆರಿಕದಲ್ಲಿ ಕೀಲಿಮಣೆಯ ವಾದ್ಯವೊಂದು ಸ್ವರದಿಂದ ಸ್ವರಕ್ಕೆ ಜಾರಲು ಕಲಿತಿತ್ತು. ಇಂದು ಕೀಬೋರ್ಡ್‌ನಲ್ಲಿ ಕರ್ನಾಟಕ ಸಂಗೀತ ನುಡಿಸುವವರು ಎಡಗೈಯಿಂದ ಗಮಕ ಹೊಮ್ಮಿಸುವುದು ಈ ಚಕ್ರದಿಂದ ಅಥವಾ ಇದರ ಸಂತತಿಯಿಂದ. ಪಿಯಾನೋ ಎಷ್ಟೇ ದೊಡ್ಡದಿದ್ದರೂ ಈ ಕೆಲಸ ಅದರಿಂದಾಗದು.

ಆದರೆ ಪಿಯಾನೋ ಮಾಡುವುದನ್ನು ಮಿನಿಮೋಗ್ ಮಾಡಲಾರದು. ಅದಕ್ಕಿದ್ದುದು ಒಂದೇ ಕಂಠ. ಎರಡು ಕೀಗಳನ್ನು ಒಟ್ಟಿಗೆ ಒತ್ತಿದರೆ ಕೆಳಗಿನ ಸ್ವರ ಮಾತ್ರ ಕೇಳುತ್ತಿತ್ತು, ಮೇಲಿನದು ಮೌನ. ಎಡಗೈಯಲ್ಲಿ ಮಂದ್ರಸ್ವರ ಹಿಡಿದು ಬಲಗೈಯಲ್ಲಿ ರಾಗ ನುಡಿಸುವ ಪಿಯಾನೋ ವಾದಕನಿಗೆ ಇದಕ್ಕಿಂತ ದೊಡ್ಡ ನಿರಾಶೆ ಬೇಕಿಲ್ಲ. ಕೀಯನ್ನು ಮೆಲ್ಲನೆ ಮುಟ್ಟಲಿ, ಗುದ್ದಲಿ, ಸದ್ದು ಅಷ್ಟೇ. ಬ್ರಿಟನ್ನಿನ ಕೀಬೋರ್ಡ್ ವಾದಕ ರಿಕ್ ವೇಕ್‌ಮನ್ ಅನೇಕ ಬಾರಿ ಹೇಳಿಕೊಂಡಿರುವ ಪ್ರಸಂಗವೊಂದಿದೆ. ಅವರಿಗೆ ಮೊದಲ ಮಿನಿಮೋಗ್ ಮಾರಿದವರು ನಟ ಜ್ಯಾಕ್ ವೈಲ್ಡ್. ಒಂದು ಸಲಕ್ಕೆ ಒಂದೇ ಸ್ವರ ಬರುತ್ತಿದೆ, ವಾದ್ಯ ಕೆಟ್ಟಿದೆ ಎಂದು ತಿಳಿದ ವೈಲ್ಡ್ ಅದನ್ನು ಅರ್ಧ ಬೆಲೆಗೆ ಕೊಟ್ಟುಬಿಟ್ಟರಂತೆ. ವೇಕ್‌ಮನ್, ಕೀತ್ ಎಮರ್ಸನ್, ಯಾನ್ ಹ್ಯಾಮರ್, ಚಿಕ್ ಕೊರಿಯಾ ಇವರೆಲ್ಲರೂ ಪಿಯಾನೋದಲ್ಲಿ ನುರಿತವರೇ. ಅವರು ಮಿನಿಮೋಗ್ ಅನ್ನು ಪಿಯಾನೋದ ಬದಲಿಗೆ ಬಳಸಲಿಲ್ಲ. ವೇದಿಕೆಯ ಮೇಲೆ ಪಿಯಾನೋದ ಪಕ್ಕದಲ್ಲಿಟ್ಟುಕೊಂಡರು. ಒಂದು ಕೈ ಪಿಯಾನೋ ಮೇಲೆ, ಇನ್ನೊಂದು ಮಿನಿಮೋಗ್ ಮೇಲೆ. 1981ರವರೆಗೆ 12,000ಕ್ಕೂ ಹೆಚ್ಚು ಮಿನಿಮೋಗ್‌ಗಳು ತಯಾರಾದವು.

ಇಂದು ಕೊಳ್ಳಲು ಹೊರಟವರಿಗೂ ಈ ಕಥೆಯಲ್ಲಿ ಪಾಲಿದೆ. ಬೆರಳ ವೇಗವನ್ನು ಗುರುತಿಸುವ ಕೀ ಈಗ ಅಗ್ಗದ ವಾದ್ಯಗಳಲ್ಲೂ ಇದೆ. ನೂರಕ್ಕೂ ಹೆಚ್ಚು ಸ್ವರಗಳು ಒಮ್ಮೆಲೇ ನುಡಿಯುವ ಸಾಮರ್ಥ್ಯವೂ ಇದೆ. ಪೆಡಲ್ ಒತ್ತಿದಾಗ ಸ್ವರಗಳು ಒಂದರ ಮೇಲೊಂದು ತಂಗುವುದರಿಂದ ಪಿಯಾನೋ ನುಡಿಸಲು ಹತ್ತು ಬೆರಳಿಗೆ ಹತ್ತು ಸ್ವರ ಸಾಲದು. ಉಳಿದಿರುವ ತೊಡಕು ಎರಡು: ಕೀಗಳ ಸಂಖ್ಯೆ ಮತ್ತು ಅವುಗಳ ಭಾರ. ಮೊಜಾರ್ಟ್ ಕಾಲದ ಪಿಯಾನೋಗಳಲ್ಲಿ ಸಾಮಾನ್ಯವಾಗಿ ಐದು ಸ್ಥಾಯಿಗಳ 61 ಕೀಗಳೇ ಇದ್ದವು. ಆದುದರಿಂದ 61 ಕೀಗಳ ಸಿಂಥಸೈಜರ್ ಅನ್ನು ಹಗುರವಾಗಿ ಕಾಣಬೇಕಿಲ್ಲ. ಶೋಪ್ಯಾ ನುಡಿಸಹೊರಟರೆ ಮಾತ್ರ ಎರಡೂ ತುದಿಗಳಲ್ಲಿ ಬೆರಳು ಗಾಳಿಯಲ್ಲಿ ನಿಲ್ಲುತ್ತದೆ. ಇನ್ನು ಭಾರದ ವಿಷಯ. ಪಿಯಾನೋದ ಕೀ ಒತ್ತಿದಾಗ ಒಳಗಿನ ಸುತ್ತಿಗೆಯೊಂದು ಎದ್ದು ತಂತಿಗೆ ಬಡಿಯುತ್ತದೆ. ಆ ಸುತ್ತಿಗೆಯ ಭಾರ ಬೆರಳಿಗೆ ತಿಳಿಯುತ್ತದೆ. ಚಿಕ್ಕ ಸಿಂಥಸೈಜರ್‌ಗಳಲ್ಲಿ ಸಾಮಾನ್ಯವಾಗಿ ಇರುವುದು ಸ್ಪ್ರಿಂಗ್ ಮಾತ್ರ. ಸುತ್ತಿಗೆಯ ಭಾರವನ್ನು ಅನುಕರಿಸುವ ಕೀಲಿಮಣೆ ಬೇಕೆಂದರೆ ವಾದ್ಯ ಭಾರವಾಗುತ್ತದೆ, ಆಳವಾಗುತ್ತದೆ, ಚೀಲದಲ್ಲಿ ಹಿಡಿಯುವುದಿಲ್ಲ. ಈ ಲೇಖಕನ ಅಭಿಪ್ರಾಯದಲ್ಲಿ, ಅಂಗಡಿಯಲ್ಲಿ ಎಷ್ಟು ನೂರು ನಾದಗಳಿವೆ ಎಂದು ಕೇಳುವ ಮೊದಲು ಧ್ವನಿಯನ್ನು ಪೂರ್ತಿ ಇಳಿಸಿ, ಒಂದೇ ಕೀಯನ್ನು ಅತ್ಯಂತ ಮೆಲ್ಲನೆ ಹತ್ತಾರು ಬಾರಿ ಒತ್ತಿ ನೋಡುವುದು ಲೇಸು. ಪಿಯಾನೋ ಕಲಿಯುವುದೇ ಮುಖ್ಯವಾದರೆ ಚಿಕ್ಕ ವಾದ್ಯದ ಆಸೆಯನ್ನು ಬಿಡಬೇಕು. ಸಿಂಥಸೈಜರ್ ಮುಖ್ಯವಾಗಿ, ಪಿಯಾನೋ ಆಗೀಗ ಸಾಕೆಂದರೆ 61 ಅಥವಾ 73 ಕೀಗಳಲ್ಲಿ ಬೆರಳಿಗೆ ಒಪ್ಪುವ ಒಂದು ದೊರೆತೀತು.

ಹೆಸರು ಪರರ ಪಾಲು

ಮಿನಿಮೋಗ್ ಮಾರುಕಟ್ಟೆಗೆ ಬಂದರೂ ಕಂಪನಿಯ ಸಾಲ ತೀರಲಿಲ್ಲ. ಎಆರ್‌ಪಿ ಎಂಬ ಪ್ರತಿಸ್ಪರ್ಧಿ ಕಂಪನಿ ಬಲವಾಗಿ ಬೆಳೆಯುತ್ತಿತ್ತು. ಮೋಗ್ ಒಳ್ಳೆಯ ಎಂಜಿನಿಯರ್, ವ್ಯಾಪಾರಿಯಲ್ಲ. ಇದನ್ನು ಅವರೇ ಒಪ್ಪಿಕೊಂಡಿದ್ದರು. 1971ರಲ್ಲಿ ಉದ್ಯಮಿ ಬಿಲ್ ವೇಟೆನಾ ಕಂಪನಿಯನ್ನು ಕೊಂಡು ಟ್ರುಮನ್ಸ್‌ಬರ್ಗ್‌ನಿಂದ ಬಫಲೋ ನಗರದ ಬಳಿಗೆ ಸ್ಥಳಾಂತರಿಸಿದರು. 1973ರಲ್ಲಿ ಅದು ನಾರ್ಲಿನ್ ಎಂಬ ದೊಡ್ಡ ಸಂಸ್ಥೆಯ ಕೈ ಸೇರಿತು. ತಮ್ಮ ಹೆಸರಿನ ಕಂಪನಿಯಲ್ಲೇ ಮೋಗ್ ಸಂಬಳದ ನೌಕರರಾದರು.

ಈ ಅವಧಿಯಲ್ಲೇ, 1975ರಲ್ಲಿ, ಪಿಯಾನೋ ವಾದಕರ ಬಹುದಿನದ ಬೇಡಿಕೆಗೆ ಕಂಪನಿ ಉತ್ತರ ಕೊಡಲು ಹೊರಟಿತು. ಡೇವಿಡ್ ಲೂಸ್ ವಿನ್ಯಾಸಗೊಳಿಸಿದ ಪಾಲಿಮೋಗ್‌ನಲ್ಲಿ 71 ಕೀಗಳಿದ್ದವು; ಎಲ್ಲವನ್ನೂ ಒಮ್ಮೆಲೇ ಒತ್ತಿದರೂ ಎಲ್ಲವೂ ನುಡಿಯುತ್ತಿದ್ದವು; ಬೆರಳಿನ ರಭಸಕ್ಕೂ ಅದು ಸ್ಪಂದಿಸುತ್ತಿತ್ತು. ಆದರೆ ಒಳಗಿನ ಮಂಡಲಗಳು ಬಹಳ ಜಟಿಲ; ಕೆಡುವುದು ಬೇಗ, ದುರಸ್ತಿ ಕಷ್ಟ. ಮಿನಿಮೋಗ್‌ನ ಆ ತುಂಬು ಕಂಠವೂ ಅದಕ್ಕೆ ದಕ್ಕಲಿಲ್ಲ.

1977ರಲ್ಲಿ ಮೋಗ್ ಕಂಪನಿಯನ್ನು ತೊರೆದರು. ತೊರೆದಾಗ ಹೆಸರು ಅಲ್ಲೇ ಉಳಿಯಿತು. ತಾವು ತಯಾರಿಸುವ ವಾದ್ಯದ ಮೇಲೆ ಮೋಗ್ ಎಂದು ಬರೆಯುವ ಹಕ್ಕು ಸ್ವತಃ ಮೋಗ್ ಅವರಿಗೇ ಇಲ್ಲವಾಯಿತು. ಮರುವರ್ಷ ಹೆಂಡತಿ ಮಕ್ಕಳೊಡನೆ ಉತ್ತರ ಕ್ಯಾರೊಲೈನಾ ರಾಜ್ಯದ ಆಶ್‌ವಿಲ್ ಬಳಿಯ ಬೆಟ್ಟಗಾಡಿಗೆ ಹೋಗಿ ನೆಲೆಸಿ, ಬಿಗ್ ಬ್ರಯರ್ ಎಂಬ ಪುಟ್ಟ ಕಾರ್ಯಾಗಾರ ತೆರೆದರು.

ಅತ್ತ ವಾದ್ಯಲೋಕ ವೇಗವಾಗಿ ಬದಲಾಗುತ್ತಿತ್ತು. ಬೇರೆ ಬೇರೆ ಕಂಪನಿಗಳ ವಾದ್ಯಗಳು ಪರಸ್ಪರ ಸಂಪರ್ಕಿಸಲು ನೆರವಾಗುವ ಮಿಡಿ ಎಂಬ ಸಾಮಾನ್ಯ ಭಾಷೆಯ ಸುದ್ದಿಯನ್ನು 1982ರ ಅಕ್ಟೋಬರ್‌ನಲ್ಲಿ 'ಕೀಬೋರ್ಡ್' ಪತ್ರಿಕೆಯ ಮೂಲಕ ಸಾರ್ವಜನಿಕರಿಗೆ ತಿಳಿಸಿದವರು ಮೋಗ್. ಆ ಭಾಷೆಯಲ್ಲಿ ಯಾವ ಕೀ ಎಂಬುದರ ಜೊತೆಗೆ ಎಷ್ಟು ರಭಸವಾಗಿ ಒತ್ತಲಾಯಿತು ಎಂಬುದೂ 127 ಹಂತಗಳಲ್ಲಿ ದಾಖಲಾಗುತ್ತದೆ. 1983ರಲ್ಲಿ ಯಮಾಹಾ ಕಂಪನಿಯ ಡಿಎಕ್ಸ್7 ಬಂತು. 61 ಕೀಗಳು, ಒಟ್ಟಿಗೆ 16 ಸ್ವರಗಳು, ಸ್ಪರ್ಶಕ್ಕೆ ಸ್ಪಂದನ. ಅದರ ಎಲೆಕ್ಟ್ರಿಕ್ ಪಿಯಾನೋ ನಾದ ಆ ದಶಕದ ಹಾಡುಗಳಲ್ಲೆಲ್ಲ ತುಂಬಿಕೊಂಡಿತು. ಒಂದೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾದ ಈ ವಾದ್ಯದ ಮುಂದೆ ಹಳೆಯ ಅನಲಾಗ್ ಸಿಂಥಸೈಜರ್‌ಗಳು ನಿಲ್ಲಲಾರದೆ ಹೋದವು. ಬಫಲೋದ ಮೋಗ್ ಕಂಪನಿ 1987ರಲ್ಲಿ ದಿವಾಳಿಯಾಯಿತು.

ಆ ಹೊತ್ತಿಗೆ ಮೋಗ್ ಇದ್ದದ್ದು ಬೇರೊಂದು ಕಂಪನಿಯಲ್ಲಿ. ಕಂಪ್ಯೂಟರ್ ವಿಜ್ಞಾನಿ ರೇ ಕರ್ಜ್‌ವೈಲ್ ಅವರಿಗೆ ಗಾಯಕ ಸ್ಟೀವಿ ವಂಡರ್ 1982ರಲ್ಲಿ ಒಂದು ಸವಾಲು ಮುಂದಿಟ್ಟಿದ್ದರು. ಮರದ ಪಿಯಾನೋದಂಥ ವಾದ್ಯಗಳ ನಾದಸಿರಿ ಮತ್ತು ವಿದ್ಯುನ್ಮಾನ ವಾದ್ಯದ ಅನುಕೂಲ ಒಂದೇ ಕೀಲಿಮಣೆಯಲ್ಲಿ ಸಿಗಲಾರದೇ ಎಂಬುದೇ ಆ ಸವಾಲು. ಉತ್ತರವಾಗಿ 1984ರಲ್ಲಿ ಬಂದ ಕರ್ಜ್‌ವೈಲ್ 250ರಲ್ಲಿ ನಿಜವಾದ ಗ್ರ್ಯಾಂಡ್ ಪಿಯಾನೋದ ನಾದವನ್ನು ಧ್ವನಿಮುದ್ರಿಸಿ ಅಡಗಿಸಿಡಲಾಗಿತ್ತು. 88 ಭಾರದ ಕೀಗಳು, ಒಟ್ಟಿಗೆ 12 ಸ್ವರಗಳು, ಬೆಲೆ ಹತ್ತು ಸಾವಿರ ಡಾಲರ್‌ಗೂ ಹೆಚ್ಚು. ಪುಟ್ಟದಂತೂ ಅಲ್ಲವೇ ಅಲ್ಲ. ಅದೇ 1984ರಿಂದ 1988ರವರೆಗೆ ಮೋಗ್ ಆ ಕಂಪನಿಯಲ್ಲಿ ಹೊಸ ವಾದ್ಯಗಳ ಸಂಶೋಧನೆಯ ಉಪಾಧ್ಯಕ್ಷರಾಗಿದ್ದರು. ತಾಯಿಯ ಪಿಯಾನೋದಿಂದ ತಪ್ಪಿಸಿಕೊಂಡು ಕಾರ್ಯಾಗಾರಕ್ಕೆ ಇಳಿದಿದ್ದ ಹುಡುಗ ಐವತ್ತರ ಪ್ರಾಯದಲ್ಲಿ, ವಿದ್ಯುನ್ಮಾನ ಪಿಯಾನೋ ಮಾಡುವವರ ನಡುವೆ ನಿಂತಿದ್ದ.

ಬೆರಳಿಗೂ ನಾದಕ್ಕೂ ಇರುವ ದೂರ ಅವರನ್ನು ಕಾಡುತ್ತಲೇ ಇತ್ತು. ಸಂಯೋಜಕ ಜಾನ್ ಈಟನ್ ಜೊತೆ ಎರಡು ದಶಕಕ್ಕೂ ಹೆಚ್ಚು ಕಾಲ ಒಂದು ವಿಶೇಷ ಕೀಲಿಮಣೆಯ ಮೇಲೆ ದುಡಿದರು. ಕೀಯನ್ನು ಎಷ್ಟು ಆಳಕ್ಕೆ ಒತ್ತಲಾಗಿದೆ, ತಳ ಮುಟ್ಟಿದ ಮೇಲೆ ಎಷ್ಟು ಒತ್ತಡವಿದೆ, ಬೆರಳು ಕೀಯ ಮೇಲೆ ಹಿಂದೆ ಮುಂದೆ ಅತ್ತ ಇತ್ತ ಎಲ್ಲಿದೆ, ಬೆರಳ ತುದಿಯ ಎಷ್ಟು ಭಾಗ ತಗುಲಿದೆ ಎಂಬುದೆಲ್ಲವನ್ನೂ ಅದು ಅಳೆಯುತ್ತಿತ್ತು. 1992ರಲ್ಲಿ ಅದು ಪೂರ್ಣಗೊಂಡಿತು. ಪಿಯಾನೋ ಸುತ್ತಿಗೆ ತಂತಿಗೆ ಬಡಿದ ಮೇಲೆ ಸ್ವರದ ಮೇಲೆ ಬೆರಳಿಗೆ ಹಿಡಿತವಿರುವುದಿಲ್ಲ. ಈ ಕೀಲಿಮಣೆಯಲ್ಲಿ ಸ್ವರದ ಕೊನೆಯುಸಿರಿನವರೆಗೂ ಹಿಡಿತವಿತ್ತು. ಥೆರೆಮಿನ್‌ನ ಸ್ವಾತಂತ್ರ್ಯವನ್ನು ಪಿಯಾನೋದ ಕೀಗಳೊಳಗೆ ಸೇರಿಸುವ ಯತ್ನವಿದು ಎನ್ನಬಹುದು. ಆದರೆ ಮಾರುಕಟ್ಟೆಗೆ ಅದು ಬರಲೇ ಇಲ್ಲ. ಅಷ್ಟೊಂದು ಸೂಕ್ಷ್ಮಕ್ಕೆ ಬೆರಳನ್ನು ಪಳಗಿಸಲು ಹೊಸದಾಗಿ ಸಾಧನೆ ಮಾಡಬೇಕು. ಅಷ್ಟು ವ್ಯವಧಾನ ಯಾರಿಗಿದೆ?

ಗೌರವಗಳು ತಡವಾಗಿ, ಒಟ್ಟೊಟ್ಟಿಗೆ ಬಂದವು. 2001ರಲ್ಲಿ ಸ್ವೀಡನ್ನಿನ ಪೋಲಾರ್ ಸಂಗೀತ ಪ್ರಶಸ್ತಿ, 2002ರಲ್ಲಿ ತಾಂತ್ರಿಕ ಸಾಧನೆಗಾಗಿ ಗ್ರ್ಯಾಮಿ. ಅದೇ 2002ರಲ್ಲಿ ಕಾನೂನು ಹೋರಾಟದ ನಂತರ ಹೆಸರು ಮನೆಗೆ ಮರಳಿತು. ಬಿಗ್ ಬ್ರಯರ್ ಮತ್ತೆ ಮೋಗ್ ಮ್ಯೂಸಿಕ್ ಆಯಿತು. ಹೊರಬಂದ ಹೊಸ ವಾದ್ಯ ಮಿನಿಮೋಗ್ ವಾಯೇಜರ್‌ಗೆ ಮತ್ತದೇ 44 ಕೀಗಳು, ಮತ್ತದೇ ಒಂದೇ ಕಂಠ. ಆದರೆ ಈ ಬಾರಿ ಕೀಗಳು ಬೆರಳಿನ ರಭಸವನ್ನೂ ಒತ್ತಡವನ್ನೂ ಅರಿಯುತ್ತಿದ್ದವು. ಮರುವರ್ಷ ಕಂಪನಿ ಪಿಯಾನೋ ಬಾರ್ ಎಂಬ ಇನ್ನೊಂದು ಸಾಧನ ತಂದಿತು. ನಿಜವಾದ ಪಿಯಾನೋದ 88 ಕೀಗಳ ಮೇಲೆ ಉದ್ದಕ್ಕೆ ಇಡುವ ತೆಳುವಾದ ಪಟ್ಟಿ ಅದು. ಬೆರಳ ಚಲನೆಯನ್ನು ಗ್ರಹಿಸಿ ಸಿಂಥಸೈಜರ್‌ಗೆ ತಿಳಿಸುವುದು ಅದರ ಕೆಲಸ. ಸಿಂಥಸೈಜರ್ ಪಿಯಾನೋ ಆಗಬೇಕೆಂಬ ಹಟ ಬಿಟ್ಟು ಪಿಯಾನೋವನ್ನೇ ಸಿಂಥಸೈಜರ್‌ನ ಕೀಲಿಮಣೆಯಾಗಿಸುವ ಈ ಯುಕ್ತಿಯನ್ನು ರೂಪಿಸಿದವರು ಬೇರಾರೂ ಅಲ್ಲ, ನಲವತ್ತು ವರ್ಷಗಳ ಹಿಂದೆ ಕಪ್ಪು ಬಿಳಿ ಕೀಗಳನ್ನು ದೂರವಿಟ್ಟಿದ್ದ ಅದೇ ಡಾನ್ ಬುಕ್ಲಾ.

2005ರ ಏಪ್ರಿಲ್ ಕೊನೆಯಲ್ಲಿ ಮೋಗ್ ಅವರಿಗೆ ಮೆದುಳಿನ ಗಡ್ಡೆ ಇರುವುದು ಪತ್ತೆಯಾಯಿತು. ನಾಲ್ಕು ತಿಂಗಳು ತುಂಬುವ ಮುನ್ನ, ಆಗಸ್ಟ್ 21ರಂದು, ಆಶ್‌ವಿಲ್‌ನ ಮನೆಯಲ್ಲಿ ತೀರಿಕೊಂಡರು. ಆಗ ಅವರಿಗೆ 71 ವರ್ಷ. ಮರುವರ್ಷ ಅವರ ಮಗಳು ತಂದೆಯ ಹೆಸರಿನಲ್ಲಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. ಮೋಗ್ ಮ್ಯೂಸಿಕ್ ಕಂಪನಿಯಿಂದ 2018ರಲ್ಲಿ 61 ಕೀಗಳ, 8 ಅಥವಾ 16 ಸ್ವರಗಳು ಒಟ್ಟಿಗೆ ನುಡಿಯುವ ಮೋಗ್ ಒನ್ ಹೊರಬಂತು. 2023ರಲ್ಲಿ ಆ ಹೆಸರು ಮತ್ತೊಮ್ಮೆ ಕೈ ಬದಲಾಯಿಸಿತು. ಇನ್‌ಮ್ಯೂಸಿಕ್ ಎಂಬ ಸಂಸ್ಥೆ ಕಂಪನಿಯನ್ನು ಕೊಂಡಿತು.